ದೇವರ ತಲೆಯ ಮೇಲಿನ ಅಟ್ಟ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮೇಲೆ. ಕುರ್ಚಿ, ಗೋಡೆಯ ಫೋಟೋ, ಮನೆಯವರ ಮುಖ ಎಲ್ಲ ಆಮೇಲೆ. ಮೊನ್ನೆ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಯಜಮಾನರು ಅಡಿಗೆಮನೆಯ ಕಲ್ಲು, ಬಚ್ಚಲಿನ ನಲ್ಲಿ, ಒಂದೊಂದರ ಗುಣಗಾನ ಮಾಡುತ್ತ ಮುಂದೆ ನಡೆದಿದ್ದರು. ನಾನು ಬಚ್ಚಲಿನ ಮೇಲೆ ಸಾಮಾನು ಇಡಲು ಮಾಡಿದ್ದ ಅಟ್ಟವನ್ನೇ ನೋಡುತ್ತ ಹಿಂದೆ ಉಳಿದೆ. ಅಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದೇ, ಗಾಳಿ ಎಲ್ಲಿಂದ ಬಂದೀತು ಎಂದು ಯೋಚಿಸುತ್ತಿದ್ದೆ. ಯೋಚನೆ ಮನಸ್ಸಿನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು, ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಯಜಮಾನರು ಗಾಬರಿಯಿಂದ ನನ್ನ ಹೆಂಡತಿಯ ಮುಖ ನೋಡಿದರು. ಪದ್ಮಾ ಎಂದಿನಂತೆ, "ಅವರಿಗೆ ನಿದ್ದಿ ಕಡಿಮಿರೀ" ಎಂದು ಹೇಳಿ ನನ್ನ ಕೈ ಹಿಡಿದು ಊಟದ ಪಂಕ್ತಿಗೆ ಕರೆದುಕೊಂಡು ಹೋದಳು.

ಅವಳು ಹೇಳಿದ್ದು ಸುಳ್ಳಲ್ಲ. ಈಗ ನನಗೆ ಬಾಗಿಲಿರುವ ಕೋಣೆ ಇದೆ, ತಲೆಯ ಮೇಲೆ ಫ್ಯಾನಿದೆ, ಮೆತ್ತನೆಯ ಗಾದಿ ಇದೆ. ನಿದ್ದೆ ಇಲ್ಲ. ಹಿಂದೆ, ನಿಂತಲ್ಲೇ ಕಣ್ಣು ಮುಚ್ಚಿಹೋಗುವಷ್ಟು ನಿದ್ದೆ ಇದ್ದ ಕಾಲದಲ್ಲಿ, ಮಲಗಲು ಜಾಗ ಇರಲಿಲ್ಲ. ಈ ಎರಡನ್ನೂ ಒಂದೇ ಕಾಲಕ್ಕೆ ಕೊಡುವುದು ದೇವರಿಗೆ ಯಾಕೆ ಕಷ್ಟವಾಯಿತೋ ತಿಳಿಯದು. ದಣಿವೊಂದು ಮಾತ್ರ ಅಂದಿನಿಂದ ಇಂದಿನವರೆಗೆ ನನ್ನ ಕೈಬಿಟ್ಟಿಲ್ಲ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎಂಬತ್ತರ ದಶಕ. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ, ಫೋನಿನ ಪಕ್ಕದಲ್ಲೇ ಕಾದು ಕೂರಬೇಕಿತ್ತು. ಆ ಕಾಯುವವರ ಬೈಗುಳ ಕೇಳಿಸಿಕೊಂಡು, ಹಗ್ಗದಂಥ ತಂತಿಗಳನ್ನು ಬೋರ್ಡಿನ ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುವ ಕೆಲಸ ನನ್ನದು. ನಾನು ಕೆಲಸಕ್ಕೆ ಹೊಸಬ, ಹಾಗಾಗಿ ರಾತ್ರಿ ಪಾಳಿ ನನಗೇ ಮೀಸಲು. ಅದಕ್ಕೂ ನನ್ನ ತಕರಾರಿರಲಿಲ್ಲ. ತಕರಾರು ಇದ್ದದ್ದು ಬೆಳಗಾದ ಮೇಲೆ.

ಆಗ ನಾನು ಇದ್ದದ್ದು ಅದೇ ಊರಿನ ಗಾಜಿಪುರ ಬಡಾವಣೆಯಲ್ಲಿ, ಮಾವನವರ ಮನೆಯಲ್ಲಿ. ಊರಲ್ಲಿ ಒಳ್ಳೆಯ ಬಾಡಿಗೆ ಮನೆ ಸಿಗುವವರೆಗೆ ಎಂದು ಶುರುವಾದ ವಾಸ ಅದು. ಒಳ್ಳೆಯ ಮನೆ ಎಂದರೆ ಎಂಥದ್ದು ಎಂದು ಯಾರೂ ಹೇಳದ ಕಾರಣ ಅದು ಸಿಗಲೇ ಇಲ್ಲ. ಮನೆ ಅಳಿಯ ಎಂಬ ಮಾತನ್ನು ನನ್ನೆದುರು ಯಾರೂ ಆಡಲಿಲ್ಲ, ಹಿಂದೆ ಆಡಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮಾವನವರು ವೈಷ್ಣವ ಸಂಪ್ರದಾಯದ ಆಚಾರ್ಯರು, ನಾಲ್ಕು ಮನೆಗಳ ಪೌರೋಹಿತ್ಯ ಮಾಡುವವರು. ನನ್ನ ಮೇಲೆ ಅವರಿಗೆ ಎಷ್ಟು ಗೌರವವೆಂದರೆ ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ಹೇಳುವುದೇನಿದ್ದರೂ ನನಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಮಗಳಿಗೆ ಹೇಳುತ್ತಿದ್ದರು. ನಾನು ಉತ್ತರವನ್ನು ಪದ್ಮಾಳಿಗೆ ಹೇಳುತ್ತಿದ್ದೆ. ಇಡೀ ರಾತ್ರಿ ಎರಡು ಕಡೆಯವರ ಮಾತು ಜೋಡಿಸಿ ಬಂದ ನನಗೆ ಮನೆಯಲ್ಲೂ ಒಬ್ಬ ಆಪರೇಟರ್ ಬೇಕಾಗಿತ್ತು.

ನಾನು ಸೈಕಲ್ ತುಳಿದುಕೊಂಡು ಜಗತ್ ಸರ್ಕಲ್ ದಾಟಿ ಮನೆ ಮುಟ್ಟುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಮಡಿ ಶುರುವಾಗುತ್ತಿತ್ತು. ಅತ್ತೆ ಒದ್ದೆ ಸೀರೆಯಲ್ಲಿ ನೀರಿನ ಕೊಡ ಹಿಡಿದು ಹಿತ್ತಲಿನಿಂದ ಅಡಿಗೆಮನೆಗೆ ಹೋಗಬೇಕು, ಮಾವನವರು ತುಳಸಿ ಕಿತ್ತು ತಂದು ದೇವರಮನೆಗೆ ಹೋಗಬೇಕು. ಇಬ್ಬರ ದಾರಿಯೂ ನಡುಮನೆಯ ಮೂಲಕವೇ. ಆ ನಡುಮನೆಯಲ್ಲಿ ನಾನು, ನನ್ನ ಕೆಳಗೆ ಹತ್ತಿಯ ಗಾದಿ. ಹತ್ತಿಯ ಗಾದಿ ಎಂದರೆ ಮೈಲಿಗೆ, ಅದರ ಮೇಲೆ ಬಿದ್ದವನೂ ಮೈಲಿಗೆ. ನಾನು ನಿದ್ದೆಯಲ್ಲಿ ಹೊರಳಿದರೆ ಅತ್ತೆ ಕೊಡ ಹಿಡಿದು ಅಲ್ಲೇ ನಿಲ್ಲುತ್ತಿದ್ದರು. ಅಳಿಯನನ್ನು ಎಬ್ಬಿಸುವಂತಿಲ್ಲ, ದಾಟುವಂತಿಲ್ಲ, ಮುಟ್ಟುವಂತಿಲ್ಲ. ನಾನು ಇನ್ನೊಂದು ಮಗ್ಗುಲಿಗೆ ಹೊರಳುವವರೆಗೆ ಕಾಯುತ್ತ ನಿಂತ ಅವರ ಸೀರೆಯಿಂದ ಹನಿ ತೊಟ್ಟಿಕ್ಕುವ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು.

ಬೆಕ್ಕು ಮರಿಗಳನ್ನು ಸಾಗಿಸಿದ ಹಾಗೆ ಪದ್ಮಾ ನನ್ನನ್ನು ಜಾಗದಿಂದ ಜಾಗಕ್ಕೆ ಸಾಗಿಸಿದಳು. ಪಡಸಾಲೆಯಲ್ಲಿ ಮಾವನವರನ್ನು ಕೇಳಿಕೊಂಡು ಬರುವವರ ಕಾಟ. ಹೊರಗಿನ ಕಟ್ಟೆಯ ಮೇಲೆ ಮಲಗಿದರೆ ಹೋಗಿಬರುವವರೆಲ್ಲ ನಿಂತು, ಆರಾಮಿಲ್ಲೇನು ಎಂದು ವಿಚಾರಿಸಿಕೊಳ್ಳುತ್ತಿದ್ದರು. ಆರಾಮಿದ್ದೇನೆ ಎಂದು ಹೇಳಲು ಏಳಬೇಕು. ಗಾಜಿಪುರದ ಅರ್ಧ ಜನ ನನಗೆ ಹೇಳಬಾರದ ಯಾವುದೋ ಕಾಯಿಲೆ ಇದೆಯೆಂದು ನಂಬಿದ್ದರು, ಒಬ್ಬ ಅಜ್ಜಿಯಂತೂ ದೇವರ ಅಂಗಾರ ತಂದು ಹಣೆಗೆ ಹಚ್ಚಿದ್ದಳು. ಒಂದೆರಡು ಸಲ ಕೋಟೆಯ ಕಡೆ ಹೋಗಿ ಹಳೆಯ ಗೋಡೆಯ ನೆರಳಲ್ಲಿ ಮಲಗಿ ನೋಡಿದೆ. ಅಲ್ಲಿ ಮಡಿ ಇರಲಿಲ್ಲ, ಆಡುಗಳಿದ್ದವು. ಎದ್ದು ನೋಡಿದರೆ ನನ್ನ ಅಂಗಿಯ ತುದಿ ಒಂದು ಆಡಿನ ಬಾಯಲ್ಲಿತ್ತು.

ಇದೆಲ್ಲಕ್ಕೂ ಮೇಲೆ ಜಾಗಟೆ. ಮಾವನವರ ಪೂಜೆ ನಿಧಾನದ್ದು. ಅಭಿಷೇಕ, ಅಲಂಕಾರ, ನೈವೇದ್ಯ ಎಂದು ಬೆಳೆದು, ನನ್ನ ನಿದ್ದೆ ಆಳಕ್ಕೆ ಇಳಿಯುವ ಹೊತ್ತಿಗೆ ಮಂಗಳಾರತಿಗೆ ಬರುತ್ತಿತ್ತು. ಆಗ ಅವರು ಕಂಚಿನ ಜಾಗಟೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಾರಿಸಿದರೆ ಓಣಿಯ ಆಚೆ ತುದಿಯ ನಾಯಿ ಏಳುತ್ತಿತ್ತು. ನಾನು ಎದ್ದು ಕೂತು, "ನಂಬರ್ ಹೇಳ್ರಿ" ಎನ್ನುತ್ತಿದ್ದೆನಂತೆ. ನನಗೆ ನೆನಪಿಲ್ಲ, ಪದ್ಮಾ ಹೇಳಿದ್ದು.

ನಗುವ ಮಾತಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ನಿದ್ದೆಯಿಲ್ಲದ ಕೈ ತಪ್ಪತೊಡಗಿತು. ಒಮ್ಮೆ ಸೋಲಾಪುರದ ಶೇಂಗಾ ವ್ಯಾಪಾರಿಗೆ ಹೈದರಾಬಾದಿನಲ್ಲಿ ಮಗಳಿಗೆ ವರ ಹುಡುಕುತ್ತಿದ್ದವರನ್ನು ಜೋಡಿಸಿಬಿಟ್ಟೆ. ಆತ ಮಾಲು ಹೇಗಿದೆ ಎಂದು ಕೇಳಿದ, ಇವರು ಬಣ್ಣ ಸ್ವಲ್ಪ ಕಡಿಮೆ ಎಂದರು. ಜಗಳ ಎರಡೂ ಊರುಗಳಿಂದ ನಮ್ಮ ಎಕ್ಸ್‌ಚೇಂಜಿಗೆ ಬಂತು. ಸೂಪರ್‌ವೈಸರ್ ನನ್ನನ್ನು ಕರೆದು, ಇನ್ನೊಮ್ಮೆ ಬೋರ್ಡಿನ ಮುಂದೆ ತೂಕಡಿಸಿದರೆ ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನನಗೆ ಹೆದರಿಕೆಯಾಯಿತು. ಮಲಗಲು ಒಂದು ಜಾಗ ಸಿಗದೆ ಹೋದರೆ ನೌಕರಿ ಹೋಗುತ್ತದೆ, ನೌಕರಿಯೂ ಇಲ್ಲದ ಮನೆ ಅಳಿಯ ಎಂದರೆ ಏನು ಎಂಬುದನ್ನು ಯಾರೂ ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ನಡುಮನೆಯಲ್ಲಿ ಮಲಗಿ ಮೇಲೆ ನೋಡುತ್ತಿದ್ದಾಗ, ನನಗೆ ಅಟ್ಟ ಕಾಣಿಸಿತು. ಅದು ಮೊದಲಿನಿಂದ ಅಲ್ಲೇ ಇತ್ತು. ಅಡಿಗೆಮನೆ ಮತ್ತು ದೇವರಮನೆ ಎರಡರ ಮೇಲೂ ಹಾಸಿದ ಹಲಗೆಯ ಅಟ್ಟ, ಹತ್ತಲು ನಡುಮನೆಯಿಂದ ನಿಚ್ಚಣಿಕೆ. ಮೇಲೆ ಅತ್ತೆಯ ಉಪ್ಪಿನಕಾಯಿಯ ಭರಣಿಗಳು, ಮದುವೆಗೆಂದು ಇಟ್ಟ ಹಂಡೆ, ಪದ್ಮಾಳ ತೊಟ್ಟಿಲು. ಸುಮ್ಮನೆ ಸಾಮಾನು ಮಲಗಿರುವ ಜಾಗದಲ್ಲಿ ನಾನು ಯಾಕೆ ಮಲಗಬಾರದು ಎನ್ನಿಸಿತು.

ಅಟ್ಟ ಎಂದರೆ ನಿದ್ದೆ ಎಂಬ ನಂಬಿಕೆ ನನಗೆ ಸಣ್ಣವನಿದ್ದಾಗಿನಿಂದ ಇದೆ. ನನ್ನ ಊರು ಕಮಲಾಪುರ. ಅಲ್ಲಿಯ ಕೆಂಪು ಬಾಳೆಹಣ್ಣು ತಿಂದವರಿಗೆ ಊರಿನ ಬಗ್ಗೆ ಬೇರೇನೂ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಉಪಯೋಗವಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಗೊನೆಗಳನ್ನು ಒಣ ಎಲೆ ಮುಚ್ಚಿ ಹಣ್ಣಿಗೆ ಹಾಕುತ್ತಿದ್ದರು. ಮಧ್ಯಾಹ್ನ ನಾನು ಹತ್ತಿ ಹೋಗಿ ಅವುಗಳ ಪಕ್ಕದಲ್ಲೇ ಗೋಣಿತಾಟಿನ ಮೇಲೆ ಬೀಳುತ್ತಿದ್ದೆ. ಕಾಯಿ ಹಣ್ಣಾಗುವಾಗ ಒಂಥರಾ ಬೆಚ್ಚನೆಯ, ಸಿಹಿಯಾದ ವಾಸನೆ ಹೊರಡುತ್ತದೆ, ಅದು ಮೂಗಿಗೆ ಬಂದರೆ ಸಾಕು ಕಣ್ಣು ಮುಚ್ಚುತ್ತಿತ್ತು. ಸಂಜೆ ಅವ್ವ ಕೆಳಗಿನಿಂದ, "ಹಣ್ಣಾದೇನೋ, ಇನ್ನೂ ಕಾಯೇನೋ?" ಎಂದು ಕೂಗುತ್ತಿದ್ದಳು. ಹಣ್ಣಾದೆ ಎಂದು ನಾನು ಇಳಿದುಬರುತ್ತಿದ್ದೆ. ಅಂಥ ನಿದ್ದೆ ಮತ್ತೆ ಸಿಗಲಿಲ್ಲ, ಅಂಥ ಪ್ರಶ್ನೆಯನ್ನೂ ಮತ್ತೆ ಯಾರೂ ಕೇಳಲಿಲ್ಲ.

ಪದ್ಮಾ ವಿಷಯವನ್ನು ತಂದೆಗೆ ಮುಟ್ಟಿಸಿದಳು. ನೋಡೋಣ ಎಂದರು. ನೋಡಲು ಗೌಂಡಿ ರಸೂಲ್‌ಸಾಬ ಬಂದ. ಮಳೆಗಾಲದ ಹೊಸ್ತಿಲಲ್ಲಿ ಗಾಜಿಪುರದ ಸೋರುವ ಮಾಳಿಗೆಗಳೆಲ್ಲ ಅವನ ಕೈಯಲ್ಲಿರುತ್ತಿದ್ದವು. ನಮ್ಮ ಅಟ್ಟದ ಮೇಲಿದ್ದ ಮಣ್ಣಿನ ಮಾಳಿಗೆಯನ್ನು ಸೋರಿ ಸಾಕಾಯಿತೆಂದು ಕೆಡವಿ ತಗಡಿನ ಪತ್ರಾ ಹೊದಿಸಿದವನೂ ಅವನೇ. ನಾಲ್ಕು ದಿನ ಬರುತ್ತೇನೆಂದು ಬರದೆ, ಐದನೆಯ ದಿನ ಬೇರೆ ಯಾರದೋ ಮನೆಗೆ ಹೋಗುವ ದಾರಿಯಲ್ಲಿ ಬಂದ.

ಮೊದಲು ತೊಲೆಗಳನ್ನು ಗುದ್ದಿ ನೋಡಿದ. ಒಂದರಲ್ಲಿ ಹುಳದ ಹಿಟ್ಟು ಉದುರಿತು, ಉಳಿದವು ಗಟ್ಟಿ ಎಂದ. ಆಮೇಲೆ ನನ್ನನ್ನೇ ಅಳತೆಗೋಲಾಗಿ ಮಾಡಿಕೊಂಡು ಮೇಲೆ ಹತ್ತಿಸಿದ. ಕೂತು ನೋಡಿ ಎಂದ, ಕೂತೆ. ಮಲಗಿ ಎಂದ, ಮಲಗಿದೆ. ಅದು ಪರೀಕ್ಷೆ ಎಂಬುದನ್ನು ಮರೆತು ಕಣ್ಣು ಮುಚ್ಚಿದೆ. ಎದ್ದು ನಿಲ್ಲಿ ಎಂದು ಅವನು ಕೂಗಿದಾಗ ಗಡಬಡಿಸಿ ಎದ್ದು ಪತ್ರಾಕ್ಕೆ ತಲೆ ಕೊಟ್ಟೆ. ಕೆಳಗಿನಿಂದ ಅತ್ತೆ ಭರಣಿಗೇನಾಯಿತು ಎಂದು ಕೇಳಿದರು.

ರಸೂಲ್‌ಸಾಬ ಇಳಿದು ಬಂದು ಕೈ ಝಾಡಿಸಿ ತೀರ್ಪು ಕೊಟ್ಟ. ಬ್ಯಾಸಗ್ಯಾಗ ಅದು ಭಟ್ಟಿ, ಮನುಷ್ಯ ಬೇಯುತ್ತಾನೆ. ಗಾಳಿಗೆ ಗೋಡೆಯಲ್ಲಿ ಒಂದು ಕಿಂಡಿ ಒಡೆಯಬಹುದು. ತೊಲೆಗೆ ಒಂದು ಆಸರೆ ಕೊಡಬಹುದು. ಆದರೆ ಅದು ಎದ್ದು ಓಡಾಡುವ ಖೋಲಿ ಆಗುವ ಮಾತಿಲ್ಲ.

"ನಿಂದರಾಕ ಬರಂಗಿಲ್ರಿ ಆಚಾರ್ರ. ಮಕ್ಕೊಳ್ಳಾಕಷ್ಟ."

ನನಗೆ ಅಷ್ಟೇ ಸಾಕಾಗಿತ್ತು. ಆದರೆ ಮಾವನವರು ಅಟ್ಟದ ಕೊನೆಯನ್ನೇ ನೋಡುತ್ತಿದ್ದರು. ಮಲಗಲು ಉದ್ದ ಸಿಗುವುದು ಆ ತುದಿಯಲ್ಲಿ ಮಾತ್ರ, ಇತ್ತ ಹಂಡೆ, ಭರಣಿ. ಆ ತುದಿಯ ಸರಿಯಾಗಿ ಕೆಳಗೆ ದೇವರಮನೆ, ಪೆಟ್ಟಿಗೆಯಲ್ಲಿ ಅವರ ಅಜ್ಜನ ಕಾಲದ ಸಾಲಿಗ್ರಾಮಗಳು. ದೇವರ ತಲೆಯ ಮೇಲೆ ಮನುಷ್ಯ ಕಾಲಿಡುವುದು ಹೇಗೆ? ಅದೂ ರಾತ್ರಿಯೆಲ್ಲ ಜಾತಿಗೊಬ್ಬರ ಎಂಜಲು ಹಾರಿದ ಫೋನು ಹಿಡಿದು ಬಂದ ಮನುಷ್ಯ? ಇಷ್ಟನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. "ದೇವರಿದ್ದಾನಲ್ಲವಾ ಕೆಳಗ" ಎಂದು ಮಗಳಿಗೆ ಹೇಳಿ ಹೊರಗೆ ಹೋದರು. ಅತ್ತೆ ಅಟ್ಟಕ್ಕೆ ನೀರು ಚಿಮುಕಿಸಿದರು. ಅದು ರಸೂಲ್‌ಸಾಬ ಹತ್ತಿದ್ದಕ್ಕೋ ನಾನು ಮಲಗಿದ್ದಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೇವರನ್ನೇ ಬೇರೆ ಕಡೆ ಇಡಬಾರದೇ ಎಂದು ಪದ್ಮಾ ಕೇಳಿದಳಂತೆ. ಅವಳ ತಂದೆ ಅವಳನ್ನು ಎಷ್ಟು ಹೊತ್ತು ನೋಡಿದರೆಂದರೆ ಅವಳು ತಾನೇ ಎದ್ದು ಹೋಗಿ ಪಾತ್ರೆ ತಿಕ್ಕಿದಳು. ಆ ವಾರ ನಾನು ಬೋರ್ಡಿನ ಮುಂದೆ ಎಚ್ಚರವಿರಲು ಹಸಿ ಮೆಣಸಿನಕಾಯಿ ಜಗಿದೆ. ಕಣ್ಣಲ್ಲಿ ನೀರು ಬಂತು, ನಿದ್ದೆ ಹೋಗಲಿಲ್ಲ. ಒಂದು ಬೆಳಿಗ್ಗೆ ಮನೆಗೆ ಬಂದು ಸೈಕಲ್ ನಿಲ್ಲಿಸಲು ಬಗ್ಗಿದವನು ಹಾಗೆಯೇ ಅದಕ್ಕೆ ಒರಗಿ ನಿದ್ದೆ ಹೋದೆ. ಸೈಕಲ್ ಸಮೇತ ಬಿದ್ದಾಗ ತುಳಸಿ ಹಿಡಿದು ಬರುತ್ತಿದ್ದ ಮಾವನವರು ನೋಡಿದರು. ಮಡಿಯಲ್ಲಿದ್ದರು, ಮುಟ್ಟಿ ಎಬ್ಬಿಸುವಂತಿರಲಿಲ್ಲ. ನಾನು ಎದ್ದು ಧೂಳು ಕೊಡವಿಕೊಳ್ಳುವವರೆಗೆ ಅಲ್ಲೇ ನಿಂತಿದ್ದರು.

ಆಷಾಢದ ಏಕಾದಶಿ ಬಂತು. ಅಂದು ವಿಷ್ಣು ಮಲಗುತ್ತಾನೆ, ಕಾರ್ತಿಕದ ಉತ್ಥಾನ ದ್ವಾದಶಿಗೆ ಏಳುತ್ತಾನೆ. ನಡುವಿನ ನಾಲ್ಕು ತಿಂಗಳು ಚಾತುರ್ಮಾಸ್ಯ. ದೇವರ ಈ ನಿದ್ದೆಯ ವಿಷಯ ನೆನಪಾದಾಗೆಲ್ಲ ನನಗೆ ಸಣ್ಣ ಹೊಟ್ಟೆಕಿಚ್ಚಾಗುತ್ತಿತ್ತು. ದ್ವಾದಶಿಯ ಪಾರಣೆ ಮುಗಿಸಿ ಮಾವನವರು ಪಡಸಾಲೆಯಲ್ಲಿ ಕೂತು ಮಗಳನ್ನು ಕರೆದರು. ನಾನು ಆಚೆ ಗೋಡೆಗೆ ಒರಗಿದ್ದೆ.

ಪಾದ ಊರಿ ನಿಲ್ಲುವುದಕ್ಕೆ ದೋಷ, ಮಲಗಿದವನದು ಬೆನ್ನು, ಅದಕ್ಕೆ ದೋಷವಿಲ್ಲ ಎಂದು ಅವರು ಶುರುಮಾಡಿದರು. ಅಲ್ಲಿ ನಿಲ್ಲಲು ಬರುವುದಿಲ್ಲವೆಂದು ರಸೂಲ್‌ಸಾಬ ಹೇಳಿದ್ದಾನೆ, ಒಳ್ಳೆಯದೇ ಆಯಿತು. ಗಾದಿ ಬೇಡ, ಕಂಬಳಿ ಹಾಸಲಿ, ಉಣ್ಣೆಗೆ ಮೈಲಿಗೆಯಿಲ್ಲ. ಮೊಣಕಾಲೂರಿ ಹೋಗಲಿ, ಮೊಣಕಾಲೂರಿ ಬರಲಿ. ಕಡೆಗೆ, "ಅಂವಾನೂ ಮಲಗ್ಯಾನ. ಮಲಗಿದವರ ಮ್ಯಾಲೆ ಮಲಗಿದವರು. ಕಾರ್ತಿಕದ ತನಕ ಅಡ್ಡಿಯಿಲ್ಲ ಅಂತ ಹೇಳು" ಎಂದರು.

ಹೀಗೆ ಗೌಂಡಿ ಯಾವುದನ್ನು ಅಟ್ಟದ ಕುಂದು ಎಂದಿದ್ದನೋ ಅದೇ ಮಾವನವರ ಶಾಸ್ತ್ರಕ್ಕೆ ಸರಿಹೋಯಿತು. ಕಿಂಡಿ ಒಡೆದರು. ಭರಣಿಗಳು ಒಂದು ಮೂಲೆಗೆ ಸರಿದವು. ನನ್ನ ಆಕಳಿಕೆಗೆ ಉಪ್ಪಿನಕಾಯಿ ಬೂಸು ಹಿಡಿಯುತ್ತದೆಯೇ ಎಂದು ಅತ್ತೆಗೆ ಸಂಶಯವಿತ್ತು, ಬಾಯಿಗೆ ಎರಡೆರಡು ಬಟ್ಟೆ ಬಿಗಿದರು. ಭರಣಿಯ ಬಾಯಿಗೆ, ನನ್ನದಕ್ಕಲ್ಲ.

ಮೊದಲ ದಿನ ಮಲಗಿದವನು ಸಂಜೆ ಎದ್ದೆ. ಪತ್ರಾದ ಮೇಲೆ ಮಳೆ ಬಡಿದು ಹೋಗಿತ್ತಂತೆ, ನನಗೆ ಕೇಳಿಸಿರಲಿಲ್ಲ. ಮಳೆ ನಮ್ಮನ್ನು ಏನೂ ಕೇಳುವುದಿಲ್ಲ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಆದರೆ ಎದ್ದು ಕೂತ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಜಾಗಟೆ ಬೆನ್ನ ಕೆಳಗೇ ಬಾರಿಸಬೇಕಿತ್ತಲ್ಲ, ಬಾರಿಸಲಿಲ್ಲವೇ? ಪದ್ಮಾಳನ್ನು ಕೇಳಿದೆ. ಮಲಗಿದ ದೇವರಿಗೆ ಯಾರು ಜಾಗಟೆ ಬಾರಿಸುತ್ತಾರೆ ಎಂದು ಅಪ್ಪ ಅಂದರು ಎಂದಳು. ಹಿಂದಿನ ವರ್ಷದ ಚಾತುರ್ಮಾಸ್ಯದಲ್ಲಿ ಅದೇ ಜಾಗಟೆಗೆ ನಾನು ದಿನವೂ ಎದ್ದು ಕೂತದ್ದು ನನಗೆ ಚೆನ್ನಾಗಿ ನೆನಪಿತ್ತು. ಅವಳಿಗೂ ನೆನಪಿತ್ತು.

ನಾಲ್ಕು ತಿಂಗಳು ನಾನೂ ದೇವರೂ ಮೇಲೆ ಕೆಳಗೆ ಮಲಗಿದೆವು. ಎಕ್ಸ್‌ಚೇಂಜಿನಲ್ಲಿ ನನ್ನ ಕೈ ಸರಿಹೋಯಿತು, ಕೆಲಸ ಕಾಯಂ ಆಯಿತು. ಕಮಲಾಪುರದಿಂದ ಬಾಳೆಗೊನೆ ತಂದು ಅಟ್ಟದ ಮೂಲೆಯಲ್ಲಿ ಇಟ್ಟುಕೊಂಡೆ, ಹಣ್ಣಾದಂತೆ ನೈವೇದ್ಯಕ್ಕೆ ಒಂದೊಂದು ಚಿಪ್ಪು ಕೆಳಗೆ ಹೋಗುತ್ತಿತ್ತು. ಆದರೆ ದೀಪಾವಳಿ ಮುಗಿದದ್ದೇ ನಾನು ದಿನಾ ಪಂಚಾಂಗ ತೆಗೆದು ನೋಡತೊಡಗಿದೆ. ದೇವರು ಏಳುವ ದಿನ ಹತ್ತಿರ ಬರುತ್ತಿತ್ತು.

ಉತ್ಥಾನ ದ್ವಾದಶಿಯ ಬೆಳಿಗ್ಗೆ ನಾನು ಕಂಬಳಿ ಸುತ್ತಿಡಲು ಹೊರಟರೆ ಪದ್ಮಾ, ಏಳಿಸುವುದು ಸಂಜೆಯ ತುಳಸಿ ಪೂಜೆಗೆ, ಇವತ್ತೊಂದು ದಿನ ಮಲಗಿ ಎಂದಳು. ಮಲಗಿದೆ, ನಿದ್ದೆ ಬರಲಿಲ್ಲ. ಸಂಜೆ ಹಿತ್ತಲಿನ ತುಳಸಿಗೆ ಕಬ್ಬು ಕಟ್ಟಿ, ನೆಲ್ಲಿಯ ಟೊಂಗೆ ಚುಚ್ಚಿ, ಸುತ್ತ ಹಣತೆ ಹಚ್ಚಿದರು. ನೆರೆಹೊರೆಯವರು ಬಂದರು. ಓಣಿಯ ಮನೆಮನೆಯಿಂದಲೂ ಜಾಗಟೆ ಕೇಳುತ್ತಿತ್ತು. ನಮ್ಮ ಮನೆಯ ಮಂಗಳಾರತಿ ಮಾತ್ರ ಮೂಕವಾಗಿ ನಡೆದಿತ್ತು. ಜಾಗಟೆ ಎಲ್ಲಿ ಆಚಾರ್ರ ಎಂದು ಪಕ್ಕದ ಮನೆಯ ಹಿರಿಯರೊಬ್ಬರು ಕೇಳಿದರು. ಮಾವನವರು ಆರತಿಯಿಂದ ಕಣ್ಣು ತೆಗೆಯದೆ, "ಒಡದದ" ಎಂದರು.

ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಂದವರು ಅವಲಕ್ಕಿ, ಕಬ್ಬಿನ ತುಂಡು ತೆಗೆದುಕೊಂಡು ಹೋದ ಮೇಲೆ ಅವರು ಮಗಳ ಕಡೆ ತಿರುಗಿದರು. "ಕಂಬಳಿ ಕೆಳಗ ತರೂದು ಬ್ಯಾಡ ಅಂತ ಅವರಿಗೆ ಹೇಳು. ಜಾಗಟಿ ಬಾರಿಸಿಲ್ಲ. ಅಂವಾ ಇನ್ನೂ ಎದ್ದಿಲ್ಲ."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಪದ್ಮಾ ನನ್ನ ಕಡೆ ತಿರುಗಿ ಅದನ್ನೇ ಹೇಳಲು ಹೋದಳು, ಅರ್ಧಕ್ಕೆ ಬಿಟ್ಟು ಹಣತೆಗಳಿಗೆ ಎಣ್ಣೆ ಹಾಕತೊಡಗಿದಳು.

ಆ ಮನೆಯಲ್ಲಿ ಆಮೇಲೆ ವರ್ಷಗಟ್ಟಲೆ ದೇವರು ಏಳಲಿಲ್ಲ. ಪೂಜೆ, ನೈವೇದ್ಯ ಎಲ್ಲ ಮೊದಲಿನಂತೆಯೇ ನಡೆಯಿತು, ಸಪ್ಪಳವಿಲ್ಲದೆ. ಬೇಸಿಗೆಯಲ್ಲಿ ರಸೂಲ್‌ಸಾಬ ಹೇಳಿದಂತೆ ಅಟ್ಟ ಭಟ್ಟಿಯೇ ಆಗುತ್ತಿತ್ತು. ಪತ್ರಾದ ಮೇಲೆ ತೊಗರಿಕಟ್ಟಿಗೆ ಹರವಿ ನೀರು ಹಾಕಿಸಿ, ಅರ್ಧ ಬೆಂದು ಅರ್ಧ ನಿದ್ದೆ ಮಾಡಿ ಇಳಿಯುತ್ತಿದ್ದೆ. ಸುಖವಾಗಿತ್ತು ಎಂದು ಹೇಳಲಾರೆ. ಬೆನ್ನು ನೋಯುತ್ತಿತ್ತು, ತಲೆ ಪತ್ರಾಕ್ಕೆ ತಾಗುತ್ತಿತ್ತು, ಮೊಣಕಾಲು ಕಪ್ಪಾಗಿದ್ದವು. ಆದರೂ ಆ ಮನೆಯಲ್ಲಿ ನನ್ನದು ಎನ್ನುವ ಒಂದು ಜಾಗವಿತ್ತು. ಅದರ ಬಾಡಿಗೆಯನ್ನು ಬೇರೆ ಯಾರೋ ದಿನಾ ಬೆಳಿಗ್ಗೆ ಕಟ್ಟುತ್ತಿದ್ದರು.

ಬೀದಿಬೀದಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದ ಮೇಲೆ ನಮ್ಮ ಟ್ರಂಕ್ ಬೋರ್ಡಿಗೆ ಕೆಲಸ ಉಳಿಯಲಿಲ್ಲ. ಜನ ತಾವೇ ನಂಬರ್ ತಿರುವಿ ತಾವೇ ಜಗಳವಾಡತೊಡಗಿದರು. ನನ್ನನ್ನು ಹಗಲಿನ ಕೌಂಟರಿಗೆ ಹಾಕಿದರು. ರಾತ್ರಿ ಪಾಳಿ ಮುಗಿಯಿತೆಂದು ನಾನು ಊಟಕ್ಕೆ ಕೂತಾಗ ಪದ್ಮಾಳಿಗೆ ಹೇಳಿದೆ. ಮಾವನವರು ಎದುರು ಕೂತು ಮಜ್ಜಿಗೆ ಅನ್ನ ಕಲಸುತ್ತಿದ್ದರು. ಅಷ್ಟೊತ್ತಿಗೆ ಅವರಿಗೆ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಪಡಸಾಲೆಯಲ್ಲಿ ಕೂತೆ. ಬೆಳಗಿನ ಹೊತ್ತನ್ನು ಏನು ಮಾಡಬೇಕೆಂಬುದೇ ನನಗೆ ಮರೆತುಹೋಗಿತ್ತು. ಆಗ ದೇವರಮನೆಯಿಂದ ಕರೆ ಬಂತು. ಪದ್ಮಾಳಿಗಲ್ಲ.

"ಅಳಿಯಂದ್ರ, ಮಡಿ ಉಟ್ಟುಕೊಂಡು ಸ್ವಲ್ಪ ಒಳಗ ಬರ್ರಿ."

ಹೋದೆ. ಆರತಿ ಹಚ್ಚಿ ಸಿದ್ಧವಾಗಿತ್ತು. ಅವರು ಮೂಲೆಯಲ್ಲಿದ್ದ ಜಾಗಟೆಯನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಕಪ್ಪಾಗಿತ್ತು, ಆದರೆ ಎಲ್ಲಿಯೂ ಒಂದು ಗೀರಿನಷ್ಟೂ ಒಡೆದಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು, ತಮ್ಮ ಕೈಯಲ್ಲಿ ತ್ರಾಣವಿಲ್ಲ, ನೀವೇ ಬಾರಿಸಿ ಎಂದರು. ನಾನು ಬಾರಿಸಿದೆ. ಇಷ್ಟು ವರ್ಷ ನನ್ನ ಸಲುವಾಗಿ ಮಲಗಿದ್ದವನನ್ನು ನಾನೇ ಏಳಿಸುವುದು ಹೇಗೆ ಎಂದು ಕೈ ಹಿಂಜರಿಯಿತು, ಸಪ್ಪಳ ನಡುಮನೆಗೂ ಕೇಳದಷ್ಟು ಸಣ್ಣಗೆ ಬಂತು. ಮಾವನವರು ಆರತಿ ಎತ್ತಿಕೊಂಡು ಒಂದು ಗಳಿಗೆ ಕಾದರು. ಆಮೇಲೆ ತಲೆ ಎತ್ತಿ ಮೇಲಿನ ಹಲಗೆಗಳನ್ನು ನೋಡಿದರು.

"ಜೋರ್ ಬಾರಸ್ರಿ. ಈಗ ಮ್ಯಾಲೆ ಯಾರೂ ಮಲಗಿಲ್ಲ."